ಬೆಕ್ಕಿಗೆ ಮತ್ತೆ ಮತ್ತೆ ತುರಿಕೆ: ಯಾವುದರ ಅಲರ್ಜಿ ಎಂದು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ಉಡುಪಿ ಹತ್ತಿರದ ಹಳ್ಳಿ. ಮನೆಯಲ್ಲಿ ನಾಲ್ಕು ವರ್ಷದ ಹೆಣ್ಣು ಬೆಕ್ಕು ಇದೆ, ಮರಿಯಾಗದ ಆಪರೇಷನ್ ಆಗಿದೆ. ಎರಡು ವರ್ಷದಿಂದ ಆಗಾಗ ಕುತ್ತಿಗೆ ಮತ್ತು ಕಿವಿಯ ಮುಂದಿನ ಭಾಗವನ್ನು ರಕ್ತ ಬರುವಂತೆ ಕೆರೆದುಕೊಳ್ಳುತ್ತದೆ. ಹೊಟ್ಟೆಯ ಕೂದಲು ಉದುರಿ ಬೋಳಾಗಿದೆ. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರೆ ಒಂದೂವರೆ ತಿಂಗಳು ಆರಾಮ, ಆಮೇಲೆ ಮತ್ತೆ ಅದೇ ಕಥೆ. ಮೂರು ಕಂಪನಿಯ ಬೆಕ್ಕಿನ ಆಹಾರ ಬದಲಾಯಿಸಿ ನೋಡಿದೆವು. ಜತೆಗೆ ಬೂತಾಯಿ, ಬಂಗುಡೆ ಮೀನು, ಕೋಳಿ, ಒಮ್ಮೊಮ್ಮೆ ಮೊಸರನ್ನ ತಿನ್ನುತ್ತದೆ. ಮೈಮೇಲೆ ಒಂದು ಚಿಗಟವೂ ಕಂಡಿಲ್ಲ. ಕೂದಲು ಕಳಿಸಿದರೆ ಯಾವುದರ ಅಲರ್ಜಿ ಎಂದು ಹೇಳುವ ಪರೀಕ್ಷೆ ಆನ್‌ಲೈನಿನಲ್ಲಿ ಸಿಗುತ್ತದಂತೆ. ಮಾಡಿಸಬಹುದೇ? ಇದಕ್ಕೆ ಕಾರಣ ಕಂಡುಹಿಡಿಯಲು ಆಗುವುದೇ ಇಲ್ಲವೇ?

ಉತ್ತರ: ಕೂದಲಿನ ಪರೀಕ್ಷೆ ಮಾಡಿಸಬೇಡಿ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಆ ದುಡ್ಡು ನಿಮಗೆ ಮುಂದೆ ಬೇಕಾಗುತ್ತದೆ. ಕೂದಲು ಅಥವಾ ಜೊಲ್ಲಿನ ಮಾದರಿ ನೋಡಿ ಅಲರ್ಜಿಯ ಕಾರಣ ಹೇಳುವ ನಂಬಲರ್ಹ ವಿಧಾನ ಇವತ್ತಿಗೂ ಇಲ್ಲ. ಇಂಥ ಪರೀಕ್ಷೆಗಳು ಆರೋಗ್ಯವಾಗಿರುವ ಬೆಕ್ಕಿಗೂ ಉದ್ದನೆಯ ಪಟ್ಟಿ ಕೊಡುತ್ತವೆ. ಆ ಪಟ್ಟಿ ಹಿಡಿದು ಮನೆಯವರು ಒಂದೊಂದೇ ಆಹಾರ ನಿಲ್ಲಿಸುತ್ತಾ ಹೋಗುತ್ತಾರೆ. ಬೆಕ್ಕು ಸೊರಗುತ್ತದೆ, ತುರಿಕೆ ಹಾಗೇ ಉಳಿಯುತ್ತದೆ.

ಕಾರಣ ಕಂಡುಹಿಡಿಯಲು ಖಂಡಿತ ಆಗುತ್ತದೆ. ಆದರೆ ಅದು ಒಂದು ಪರೀಕ್ಷೆಯಿಂದ, ಒಂದು ದಿನದಲ್ಲಿ ಸಿಗುವುದಿಲ್ಲ. ಒಂದೊಂದೇ ಕಾರಣವನ್ನು ಸರಿಯಾದ ಕ್ರಮದಲ್ಲಿ ತಳ್ಳಿಹಾಕುತ್ತಾ ಹೋಗಬೇಕು. ಮೊದಲು ಚಿಗಟ ಮತ್ತು ಇತರ ಪರೋಪಜೀವಿಗಳು, ಜತೆಗೇ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ ಸೋಂಕು, ಆಮೇಲೆ ಆಹಾರ, ಕಡೆಗೆ ಉಳಿಯುವುದು ಮನೆಯ ದೂಳು, ಪರಾಗ, ಬೂಸ್ಟುಗಳಂಥ ಪರಿಸರದ ಕಾರಣಗಳು. ಇಡೀ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು ಬೇಕು ಎಂದು ಈಗಲೇ ಮನಸ್ಸು ಮಾಡಿಕೊಳ್ಳಿ. ಅರ್ಧಕ್ಕೆ ಕೈಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಗಾಯ ಎಲ್ಲಿದೆ, ಹೇಗಿದೆ ಎಂದು ನೋಡಿಯೇ ಕಾರಣ ಹೇಳಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ನಾಯಿಯಲ್ಲಿ ಅದು ಸ್ವಲ್ಪ ಮಟ್ಟಿಗೆ ಸಾಧ್ಯ, ಬೆಕ್ಕಿನಲ್ಲಿ ಕಷ್ಟ. ಬೆಕ್ಕಿನ ಚರ್ಮ ಯಾವ ಅಲರ್ಜಿಗೂ ಹೆಚ್ಚುಕಡಿಮೆ ನಾಲ್ಕೇ ರೀತಿಯಲ್ಲಿ ಪ್ರತಿಕ್ರಿಯಿಸುತ್ತದೆ. ಒಂದು, ನಿಮ್ಮ ಬೆಕ್ಕಿನಂತೆ ತಲೆ ಮತ್ತು ಕುತ್ತಿಗೆಯನ್ನು ಕೆರೆದು ಗಾಯ ಮಾಡಿಕೊಳ್ಳುವುದು. ಇನ್ನೊಂದು, ಹೊಟ್ಟೆ, ತೊಡೆಯ ಒಳಭಾಗ, ಪಕ್ಕೆಗಳನ್ನು ನೆಕ್ಕಿ ನೆಕ್ಕಿ ಎರಡೂ ಕಡೆ ಒಂದೇ ರೀತಿ ಬೋಳಾಗುವುದು. ಮೂರನೆಯದು ಬೆನ್ನ ಮೇಲೆ ಕೈಯಾಡಿಸಿದರೆ ರವೆಯಂತೆ ಸಿಗುವ ಸಣ್ಣ ಹಕ್ಕಳೆಗಳು. ನಾಲ್ಕನೆಯದು ಮೇಲ್ದುಟಿಯ ಮೇಲೆ ಹುಣ್ಣು, ಹೊಟ್ಟೆಯ ಮೇಲೆ ಕೆಂಪಗೆ ಒದ್ದೆಯಾಗಿ ಉಬ್ಬಿದ ಪಟ್ಟೆ, ತೊಡೆಯ ಹಿಂದೆ ಗೆರೆಯಂಥ ಗಂಟು. ಚಿಗಟದಿಂದಲೂ ಈ ನಾಲ್ಕೂ ಬರಬಹುದು, ಮೀನಿನಿಂದಲೂ ಬರಬಹುದು, ದೂಳಿನಿಂದಲೂ ಬರಬಹುದು. ಕುತ್ತಿಗೆಯ ಗಾಯ ನೋಡಿದ ತಕ್ಷಣ “ಇದು ಆಹಾರದ ಅಲರ್ಜಿ” ಎಂದು ಹೇಳುವವರಿದ್ದಾರೆ. ಅದು ಊಹೆ ಮಾತ್ರ.

ನಿಮ್ಮ ಪತ್ರದಲ್ಲಿ ಹೊಟ್ಟೆಯ ಕೂದಲು “ಉದುರಿ” ಬೋಳಾಗಿದೆ ಎಂದಿದ್ದೀರಿ. ಅಲ್ಲೊಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಬೆಕ್ಕು ಮನುಷ್ಯರ ಕಣ್ಣು ತಪ್ಪಿಸಿ ನೆಕ್ಕುತ್ತದೆ, ರಾತ್ರಿ ಹೊತ್ತು ಇನ್ನೂ ಹೆಚ್ಚು. ಹಾಗಾಗಿ ಕೂದಲು ತಾನಾಗಿ ಉದುರಿತು ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಬೋಳಾದ ಜಾಗದ ಅಂಚಿನಿಂದ ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ತುದಿ ಚೂಪಾಗಿದ್ದರೆ ಕೂದಲು ಉದುರಿದ್ದು, ತುದಿ ಮುರಿದಿದ್ದರೆ ಬೆಕ್ಕೇ ನೆಕ್ಕಿ ಕತ್ತರಿಸಿದ್ದು. ಇದಕ್ಕೆ ಐದು ನಿಮಿಷವೂ ಬೇಡ. ವಾಂತಿಯಲ್ಲಿ ಕೂದಲಿನ ಉಂಡೆ ಬರುತ್ತಿದೆಯೇ, ಹೇಲಿನಲ್ಲಿ ಕೂದಲು ಹೆಚ್ಚಿದೆಯೇ ಎಂದೂ ಗಮನಿಸಿ. ಕೆಳಹೊಟ್ಟೆಯನ್ನು ಮಾತ್ರ ನೆಕ್ಕುವ ಬೆಕ್ಕಿಗೆ ಕೆಲವೊಮ್ಮೆ ಮೂತ್ರಕೋಶದ ನೋವಿರುತ್ತದೆ. ವಯಸ್ಸಾದ ಬೆಕ್ಕು ಒಂದೇ ಕೀಲಿನ ಮೇಲೆ ನೆಕ್ಕುತ್ತಿದ್ದರೆ ಸಂಧಿವಾತವಿರಬಹುದು. ನಿಮ್ಮ ಬೆಕ್ಕು ಕುತ್ತಿಗೆಯನ್ನೂ ಕೆರೆಯುತ್ತಿರುವುದರಿಂದ ಇಲ್ಲಿ ತುರಿಕೆಯೇ ಮುಖ್ಯ ಎಂದು ನನ್ನ ಅಂದಾಜು.

“ಅದಕ್ಕೆ ಟೆನ್ಷನ್, ಮನಸ್ಸಿನ ಕಾಯಿಲೆ” ಎಂದು ಯಾರಾದರೂ ಹೇಳಿದರೆ ಸುಲಭವಾಗಿ ಒಪ್ಪಬೇಡಿ. ಮಾನಸಿಕ ಕಾರಣದಿಂದ ನೆಕ್ಕುತ್ತಿವೆ ಎಂದು ಕಳಿಸಲಾದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 16ಕ್ಕೆ ದೈಹಿಕ ಕಾರಣವೇ ಸಿಕ್ಕಿತು. ಬರೀ ಮಾನಸಿಕ ಎಂದು ಉಳಿದದ್ದು ಎರಡೇ ಎರಡು.

ಈಗ ಚಿಗಟದ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಬೆಕ್ಕಿನ ಚರ್ಮದ ಅಲರ್ಜಿಗೆ ಅತಿ ಸಾಮಾನ್ಯ ಕಾರಣ ಇದೇ. “ನಮ್ಮ ಬೆಕ್ಕಿಗೆ ಚಿಗಟ ಇಲ್ಲ” ಎಂಬ ಮಾತಿನಿಂದಲೇ ಹೆಚ್ಚಿನವರ ಹುಡುಕಾಟ ದಾರಿ ತಪ್ಪುತ್ತದೆ. ಅಲರ್ಜಿಯಿರುವ ಬೆಕ್ಕು ಕಚ್ಚಿಸಿಕೊಂಡ ಕೂಡಲೇ ನೆಕ್ಕಿ, ಕಚ್ಚಿ ಚಿಗಟವನ್ನು ನುಂಗಿಬಿಡುತ್ತದೆ. ಸಾಕ್ಷಿಯೇ ಉಳಿಯುವುದಿಲ್ಲ. ಅಲರ್ಜಿಗೆ ಕಾರಣ ಚಿಗಟದ ಜೊಲ್ಲು, ಆದ್ದರಿಂದ ನೂರಾರು ಚಿಗಟ ಬೇಕಿಲ್ಲ, ಆಗಾಗ ಒಂದೆರಡು ಕಚ್ಚಿದರೂ ತುರಿಕೆ ಮುಂದುವರಿಯುತ್ತದೆ. ಪಕ್ಕದ ಮನೆಯ ಬೆಕ್ಕಿನ ಮೈತುಂಬ ಚಿಗಟವಿದ್ದೂ ಅದು ಹಾಯಾಗಿ ಮಲಗಿರಬಹುದು, ನಿಮ್ಮದು ಒಂದು ಚಿಗಟಕ್ಕೇ ರಕ್ತ ಬರುವಂತೆ ಕೆರೆದುಕೊಳ್ಳಬಹುದು.

ಹುಡುಕುವ ಸರಿಯಾದ ಕ್ರಮ ಹೀಗಿದೆ. ಹಲ್ಲು ಒತ್ತಾಗಿರುವ ಚಿಗಟದ ಬಾಚಣಿಗೆ ತನ್ನಿ, ಹೇನಿನ ಬಾಚಣಿಗೆಯೂ ಆದೀತು. ಬಾಲದ ಬುಡ, ಸೊಂಟ, ಕುತ್ತಿಗೆ ಬಾಚಿ, ಬಂದ ಕಸವನ್ನು ಒದ್ದೆ ಮಾಡಿದ ಬಿಳಿ ಕಾಗದ ಅಥವಾ ಹತ್ತಿಯ ಮೇಲೆ ಉದುರಿಸಿ. ಕಪ್ಪು ಕಣಗಳ ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ಬೆಕ್ಕಿನದೇ ಜೀರ್ಣವಾದ ರಕ್ತ. ಬರೀ ಮಣ್ಣಾದರೆ ಬಣ್ಣ ಬಿಡುವುದಿಲ್ಲ. ಎರಡನೆಯ ಸುಳಿವು ಬಾಲದ ಕೆಳಗೆ, ಅಥವಾ ಅದು ಮಲಗುವ ಬಟ್ಟೆಯ ಮೇಲೆ ಅಕ್ಕಿಕಾಳಿನ ಗಾತ್ರದ ಬಿಳಿ ತುಂಡುಗಳು. ಅವು ಲಾಡಿಹುಳುವಿನ ತುಂಡುಗಳು. ಆ ಬಗೆಯ ಲಾಡಿಹುಳು ಬೆಕ್ಕಿನ ಹೊಟ್ಟೆ ಸೇರುವುದು ಮುಖ್ಯವಾಗಿ ಚಿಗಟ ನುಂಗಿದಾಗ. ಮೈಮೇಲೆ ಚಿಗಟ ಕಾಣದಿದ್ದರೂ ಇದು ಅದರ ಗುಟ್ಟು ಬಿಟ್ಟುಕೊಡುತ್ತದೆ.

ಎರಡೂ ಸಿಗದಿದ್ದರೂ ಚಿಗಟ ಇಲ್ಲ ಎಂದು ತೀರ್ಮಾನಿಸಬೇಡಿ. ಇದ್ದಂತೆಯೇ ಭಾವಿಸಿ ಚಿಕಿತ್ಸೆ ಮಾಡಿ ನೋಡುವುದೇ ಪರೀಕ್ಷೆ. ಒಂದು ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡಬಲ್ಲದು. ಮೊಟ್ಟೆ ಬೆಕ್ಕಿನ ಮೈಗೆ ಅಂಟಿಕೊಳ್ಳದೆ ಅದು ಮಲಗಿದಲ್ಲೆಲ್ಲ ಉದುರುತ್ತದೆ. ಯಾವುದೇ ಮನೆಯ ಒಟ್ಟು ಚಿಗಟಗಳಲ್ಲಿ ಬೆಕ್ಕಿನ ಮೈಮೇಲೆ ಇರುವ ದೊಡ್ಡ ಚಿಗಟಗಳು ಶೇ. 5ರಷ್ಟು ಮಾತ್ರ. ಉಳಿದವು ಮೊಟ್ಟೆ, ಮರಿಹುಳು, ಗೂಡುಗಳಾಗಿ ಸೋಫಾದ ಅಡಿ, ಚಾಪೆಯ ಸಂದು, ಹಳೆ ಪೇಪರಿನ ಕಟ್ಟು, ಬಚ್ಚಲ ಪಕ್ಕದ ಸೌದೆರಾಶಿಯಲ್ಲಿ ಇರುತ್ತವೆ. ಗೂಡಿನೊಳಗಿನ ಚಿಗಟ ಯಾವ ಔಷಧಿಗೂ ಜಗ್ಗುವುದಿಲ್ಲ, ತಿಂಗಳುಗಟ್ಟಲೆ ಕಾದು ಹೊರಬರಬಲ್ಲದು. ಮರಿಹುಳು ಬದುಕಲು ಗಾಳಿಯಲ್ಲಿ ತೇವ ಬೇಕು, ಬಿಸಿಲು ಒಣಹವೆ ಅದಕ್ಕೆ ಆಗದು. ಕರಾವಳಿಯಲ್ಲಿ ತೇವಕ್ಕೇನು ಬರ? ಆದ್ದರಿಂದ ಮಳೆಗಾಲದಲ್ಲಿ ಮಾತ್ರ ಔಷಧಿ ಹಾಕಿದರೆ ಸಾಕು ಎಂಬ ಲೆಕ್ಕ ನಿಮ್ಮ ಊರಿಗೆ ಹೊಂದುವುದಿಲ್ಲ.

ವೈದ್ಯರ ಸಲಹೆಯಂತೆ ಬೆಕ್ಕಿಗೆಂದೇ ತಯಾರಾದ ಔಷಧಿಯನ್ನು, ಉದಾಹರಣೆಗೆ ಸೆಲಾಮೆಕ್ಟಿನ್ ಅಥವಾ ಫಿಪ್ರೊನಿಲ್ ಇರುವ ಹನಿಯನ್ನು, ಕತ್ತಿನ ಹಿಂಭಾಗದಲ್ಲಿ ಕೂದಲು ಬಿಡಿಸಿ ನೇರವಾಗಿ ಚರ್ಮಕ್ಕೆ ಬಿಡಿ. ಅಲ್ಲಿಗೆ ಅದರ ನಾಲಿಗೆ ಎಟುಕುವುದಿಲ್ಲ. ಹೇಳಿದ ಅಂತರಕ್ಕೆ ಸರಿಯಾಗಿ, ಕನಿಷ್ಠ ಮೂರು ತಿಂಗಳು ತಪ್ಪದೆ ಹಾಕಬೇಕು. ಮನೆಯಲ್ಲಿ ಬೇರೆ ಬೆಕ್ಕು, ನಾಯಿ ಇದ್ದರೆ ಎಲ್ಲಕ್ಕೂ ಅವುಗಳದೇ ಔಷಧಿ ಅದೇ ದಿನ ಆಗಬೇಕು. ಒಂದನ್ನು ಬಿಟ್ಟರೂ ಕೆಲಸ ಕೆಡುತ್ತದೆ. ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಿ. ಶುರುವಿನ ಕೆಲವು ವಾರ ಗೂಡಿನಿಂದ ಹೊಸ ಚಿಗಟಗಳು ಹೊರಬರುತ್ತಲೇ ಇರುತ್ತವೆ. ಆಗ “ಔಷಧಿ ನಾಟಲಿಲ್ಲ” ಎಂದು ನಿಲ್ಲಿಸಬೇಡಿ.

ಈ ಮುಂದಿನ ಸಾಲನ್ನು ಮನೆಯವರೆಲ್ಲರಿಗೂ ಓದಿ ಹೇಳಿ. ನಾಯಿಗೆ ಹಾಕುವ ಚಿಗಟದ ಔಷಧಿಯನ್ನು ಬೆಕ್ಕಿಗೆ ಎಂದಿಗೂ ಹಾಕಬಾರದು. ನಾಯಿಯ ಹಲವು ಹನಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ಕೆಲವೇ ಗಂಟೆಗಳಲ್ಲಿ ನಡುಕ, ಸೆಳವು ಶುರುವಾಗಿ ಪ್ರಾಣವೇ ಹೋಗಬಹುದು. ಆ ಹನಿ ಹಾಕಿಸಿಕೊಂಡ ನಾಯಿಯ ಪಕ್ಕ ಮಲಗಿದರೂ ಅಪಾಯವಿದೆ.

ಚಿಗಟದ ಜತೆಗೇ ಇನ್ನುಳಿದ ಹುಳುಗಳನ್ನೂ ನೋಡಿಬಿಡಬೇಕು. ಕಿವಿಯೊಳಗೆ ಕಾಫಿ ಪುಡಿಯಂಥ ಕಪ್ಪು ಕೊಳೆ ಇದ್ದರೆ ಕಿವಿನುಸಿ ಇರಬಹುದು. ನಿಮ್ಮ ಬೆಕ್ಕು ಕಿವಿಯ ಮುಂದೆಯೇ ಕೆರೆಯುತ್ತಿರುವುದರಿಂದ ಕಿವಿಯ ಪರೀಕ್ಷೆ ಆಗಲೇಬೇಕು. ಕಿವಿಯ ಅಂಚಿನಿಂದ ಶುರುವಾಗಿ ಮುಖ, ಕತ್ತಿಗೆ ಹರಡುವ ದಪ್ಪನೆಯ ಬೂದು ಹಕ್ಕಳೆ ಬೆಕ್ಕಿನ ಕಜ್ಜಿಯ ಲಕ್ಷಣ. ಅದು ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಬೇಗ ಅಂಟುತ್ತದೆ, ಮನೆಯವರಿಗೂ ಕೆಲವು ದಿನ ತುರಿಕೆಯಾಗಬಹುದು. ಚರ್ಮ ಕೆರೆದು ತೆಗೆದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವು ಗೊತ್ತಾಗುತ್ತವೆ. ಎರಡು ವರ್ಷದಲ್ಲಿ ಒಮ್ಮೆಯೂ ಈ ಪರೀಕ್ಷೆ ಆಗಿಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ನೀವಾಗಿಯೇ ಕೇಳಿ, ಸಂಕೋಚ ಬೇಡ.

ಹುಳುಕಡ್ಡಿಯೂ ಅಲರ್ಜಿಯ ವೇಷದಲ್ಲಿ ಬರುತ್ತದೆ. ಅದು ಹುಳುವಲ್ಲ, ಶಿಲೀಂಧ್ರ. ನೇರಳಾತೀತ ದೀಪದ ಕೆಳಗೆ ಕೆಲವು ಕೂದಲು ಹಸಿರಾಗಿ ಹೊಳೆಯುತ್ತವೆ, ಆದರೆ ಹೊಳೆಯದಿದ್ದರೆ ಇಲ್ಲ ಎಂದರ್ಥವಲ್ಲ. ಅನುಮಾನವಿದ್ದರೆ ಕಲ್ಚರ್, ಅಂದರೆ ಮಾದರಿಯಿಂದ ಶಿಲೀಂಧ್ರ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು. ಮನೆಯಲ್ಲಿ ಮಕ್ಕಳ ಮೈಮೇಲೆ ದುಂಡನೆಯ ಕೆಂಪು ಮಚ್ಚೆ ಎದ್ದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಇದು ಹುಳುಕಡ್ಡಿಯಾಗಿದ್ದು ತುರಿಕೆ ಅಡಗಿಸುವ ಸ್ಟಿರಾಯ್ಡ್ ಔಷಧಿ ಕೊಡುತ್ತಾ ಹೋದರೆ ಇನ್ನೂ ಹರಡುತ್ತದೆ. ಹಾಗೆಯೇ ಗಾಯದ ಮೇಲೆ ಗಾಜಿನ ಪಟ್ಟಿ ಅಥವಾ ಟೇಪು ಒತ್ತಿ ಬ್ಯಾಕ್ಟೀರಿಯಾ, ಯೀಸ್ಟ್ ಇದೆಯೇ ನೋಡಬೇಕು. ಸೋಂಕಿಗೂ ತನ್ನದೇ ತುರಿಕೆಯಿದೆ. ಅದನ್ನು ಮೊದಲು ಗುಣಪಡಿಸದಿದ್ದರೆ ಮುಂದೆ ಆಹಾರ ಪರೀಕ್ಷೆ ಮಾಡಿದಾಗ ಫಲಿತಾಂಶ ಗೋಜಲಾಗುತ್ತದೆ.

ಕರಾವಳಿಯ ಬೆಕ್ಕುಗಳಲ್ಲಿ ಇನ್ನೊಂದು ಕಾರಣವನ್ನು ನೆನಪಿಡಬೇಕು, ಸೊಳ್ಳೆ. ಸೊಳ್ಳೆ ಕಡಿತದ ಅಲರ್ಜಿಯ ಗುಳ್ಳೆ, ಹಕ್ಕಳೆಗಳು ಕೂದಲು ವಿರಳವಾದಲ್ಲಿ, ಅಂದರೆ ಮೂಗಿನ ಮೇಲ್ಭಾಗ, ಕಿವಿಯ ತುದಿ, ಕೆಲವೊಮ್ಮೆ ಪಾದದ ಮೆತ್ತೆಯಲ್ಲಿ ಏಳುತ್ತವೆ. ಅದಕ್ಕೆ ಪರೀಕ್ಷೆ ಸುಲಭ. ಸೊಳ್ಳೆಪರದೆ ಹಾಕಿದ ಕಿಟಕಿಯ ಕೋಣೆಯಲ್ಲಿ ಒಂದು ವಾರ ಇಟ್ಟರೆ ಗಾಯ ಒಣಗಲು ಶುರುವಾಗುತ್ತದೆ, ಹೊರಗೆ ಬಿಟ್ಟರೆ ಮರಳುತ್ತದೆ. ನಿಮ್ಮ ಬೆಕ್ಕಿನ ಗಾಯ ಕುತ್ತಿಗೆಯಲ್ಲಿರುವುದರಿಂದ ಇದೊಂದೇ ಕಾರಣ ಎಂದು ನನಗೆ ಅನಿಸುವುದಿಲ್ಲ. ಮೂಗಿನ ಮೇಲೂ ಗುಳ್ಳೆ ಬರುತ್ತಿದ್ದರೆ ಮಾತ್ರ ಈ ವಾರದ ಪ್ರಯೋಗ ಮಾಡಿ ನೋಡಿ.

ಮೂರು ತಿಂಗಳ ಚಿಗಟದ ಚಿಕಿತ್ಸೆ ಸರಿಯಾಗಿ ಆಯಿತು, ನುಸಿ ಇಲ್ಲ, ಸೋಂಕು ಗುಣವಾಯಿತು, ಆದರೂ ತುರಿಕೆ ಇದೆ ಎಂದಾದರೆ ಆಹಾರದ ಸರದಿ. ಸಮಯ ಉಳಿಸಬೇಕೆಂದರೆ ಚಿಗಟದ ಔಷಧಿಯ ಎರಡನೆಯ ತಿಂಗಳಲ್ಲೇ ಇದನ್ನು ಶುರು ಮಾಡಬಹುದು, ಔಷಧಿ ನಿಲ್ಲಿಸಬಾರದು ಅಷ್ಟೆ.

ಮೂರು ಕಂಪನಿಯ ಆಹಾರ ಬದಲಾಯಿಸಿದೆವು ಎಂದಿದ್ದೀರಿ. ನಿಮ್ಮ ಶ್ರಮ ನನಗೆ ಅರ್ಥವಾಗುತ್ತದೆ, ಆದರೆ ಅದು ಪರೀಕ್ಷೆಯಾಗಲಿಲ್ಲ. ಅಲರ್ಜಿ ಕಂಪನಿಗೆ ಬರುವುದಿಲ್ಲ, ಆಹಾರದೊಳಗಿನ ಪ್ರೋಟೀನಿಗೆ ಬರುತ್ತದೆ. ಬೆಕ್ಕುಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವುದು ದನದ ಮಾಂಸ, ಮೀನು ಮತ್ತು ಕೋಳಿ. “ಸಾಲ್ಮನ್” ಎಂದು ಬರೆದ ಪೊಟ್ಟಣವನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಕೋಳಿಯ ಪುಡಿ, ಕೋಳಿಯ ಕೊಬ್ಬು ಎಷ್ಟೋ ಸಲ ಅಲ್ಲಿರುತ್ತವೆ. ಅಂದರೆ ಮೂರು ಪೊಟ್ಟಣದಲ್ಲೂ ಅದು ತಿಂದದ್ದು ಅದೇ ಪ್ರೋಟೀನು ಇರಬಹುದು. ಮೇಲಿಂದ ಬೂತಾಯಿ, ಮೊಸರು ಬೇರೆ. ಮತ್ತೊಂದು ಮಾತು. ಅಲರ್ಜಿ ಹೊಸ ಆಹಾರಕ್ಕೇ ಬರಬೇಕೆಂದಿಲ್ಲ. ವರ್ಷಗಳಿಂದ ತಿನ್ನುತ್ತಾ ಬಂದದ್ದಕ್ಕೇ ಒಂದು ದಿನ ಮೈ ತಿರುಗಿಬೀಳುತ್ತದೆ. “ಹುಟ್ಟಿದಾಗಿನಿಂದ ಮೀನು ತಿನ್ನುತ್ತಿದೆ, ಈಗೇನಾಯಿತು?” ಎಂಬ ವಾದದಿಂದ ಮೀನನ್ನು ಅನುಮಾನದ ಪಟ್ಟಿಯಿಂದ ಬಿಡಲಾಗದು.

ರಕ್ತ ಪರೀಕ್ಷೆಯಿಂದ ಆಹಾರದ ಅಲರ್ಜಿ ಹೇಳಲು ಬರುವುದಿಲ್ಲ. ಉಳಿದಿರುವುದು ಒಂದೇ ದಾರಿ, ಎಂಟು ವಾರ ಬೇರೇನೂ ಕೊಡದೆ ಒಂದೇ ಆಹಾರ. ಎಂಟು ಏಕೆ ಎಂದರೆ ಆಹಾರದ ಅಲರ್ಜಿಯಿರುವ ಬೆಕ್ಕುಗಳಲ್ಲಿ ಶೇ. 90ಕ್ಕೂ ಹೆಚ್ಚು ಅಷ್ಟರೊಳಗೆ ಸುಧಾರಿಸುತ್ತವೆ. ಮೂರು ವಾರಕ್ಕೆ ನಿಲ್ಲಿಸಿದವರು ಅವುಗಳಲ್ಲಿ ಬಹಳಷ್ಟನ್ನು ಕಾಣದೆ ಹೋಗುತ್ತಾರೆ.

ಆ ಒಂದು ಆಹಾರ ಯಾವುದು? ನನ್ನ ಮೊದಲ ಆಯ್ಕೆ ಹೈಡ್ರೊಲೈಸ್ಡ್ ಪ್ರೋಟೀನಿನ ಚಿಕಿತ್ಸಾ ಆಹಾರ. ಅದರಲ್ಲಿ ಪ್ರೋಟೀನನ್ನು ರೋಗನಿರೋಧಕ ವ್ಯವಸ್ಥೆ ಗುರುತಿಸಲಾರದಷ್ಟು ಸಣ್ಣ ತುಣುಕುಗಳಾಗಿ ಒಡೆದಿರುತ್ತಾರೆ. ವೈದ್ಯರ ಚೀಟಿಯ ಮೇಲೆ ತರಿಸಬಹುದು. ಬೆಲೆ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಎರಡನೆಯ ದಾರಿ ಬೆಕ್ಕು ಈವರೆಗೆ ತಿನ್ನದ ಮಾಂಸವನ್ನು ಮನೆಯಲ್ಲಿ ಬೇಯಿಸುವುದು. ಕೋಳಿ ತಿಂದ ಬೆಕ್ಕಿಗೆ ಗೌಜಲ, ಬಾತುಕೋಳಿ ಹೊಸದಾಗುವುದಿಲ್ಲ, ಅವು ಹತ್ತಿರದ ಸಂಬಂಧಿಗಳು. ಪೊಟ್ಟಣದಲ್ಲಿ ದನದ ಮಾಂಸವಿದ್ದರೆ ಆಡು, ಕುರಿಯ ಮಾಂಸದ ಮೇಲೂ ಪೂರ್ತಿ ನಂಬಿಕೆ ಇಡಲಾಗದು. ನಿಮ್ಮ ಕಡೆ ಸಿಗುವುದರಲ್ಲಿ ಹಂದಿಮಾಂಸ ಅಥವಾ ಸಾಕಿದ ಮೊಲದ ಮಾಂಸ ಒಳ್ಳೆಯ ಆಯ್ಕೆ. ಪೂರ್ತಿ ಬೇಯಿಸಬೇಕು. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಖಂಡಿತ ಕೂಡದು, ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಬರೀ ಬೇಯಿಸಿದ ಮಾಂಸದಲ್ಲಿ ಟಾರಿನ್ ಎಂಬ ಪೋಷಕಾಂಶ ಮತ್ತು ಕ್ಯಾಲ್ಸಿಯಂ ಸಾಲುವುದಿಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣು ಕುರುಡಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಎರಡನ್ನೂ ಎಷ್ಟು ಬೆರೆಸಬೇಕೆಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಮಾಂಸ ಬೇಯಿಸದ ಮನೆಯವರು ಮೊಸರನ್ನದಲ್ಲೇ ಈ ಪರೀಕ್ಷೆ ಮಾಡಬಹುದೇ ಎಂದು ಕೇಳುವುದುಂಟು. ಆಗದು, ಬೆಕ್ಕು ಮಾಂಸವಿಲ್ಲದೆ ಬದುಕುವ ಪ್ರಾಣಿಯಲ್ಲ. ಅಂಥ ಮನೆಗೆ ಹೈಡ್ರೊಲೈಸ್ಡ್ ಪೊಟ್ಟಣವೇ ಸರಿ.

ಹೊಸ ಆಹಾರವನ್ನು ಹಳೆಯದರ ಜತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರದಲ್ಲಿ ಪೂರ್ತಿ ಬದಲಾಯಿಸಿ. ಎಂಟು ವಾರದ ಲೆಕ್ಕ ಪೂರ್ತಿ ಬದಲಾದ ದಿನದಿಂದ. “ಹಸಿವಾದರೆ ತಾನೇ ತಿನ್ನುತ್ತದೆ” ಎಂದು ಉಪವಾಸ ಹಾಕಬೇಡಿ. ಬೆಕ್ಕು, ಅದರಲ್ಲೂ ದಪ್ಪಗಿನ ಬೆಕ್ಕು, ಎರಡು ಮೂರು ದಿನ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತಾಗುತ್ತದೆ. ಒಂದು ದಿನ ಪೂರ್ತಿ ಮುಟ್ಟದಿದ್ದರೆ ಹಳೆಯ ಆಹಾರ ಕೊಟ್ಟು ವೈದ್ಯರಿಗೆ ಫೋನ್ ಮಾಡಿ.

ಹಳ್ಳಿಮನೆಯಲ್ಲಿ ಈ ಪರೀಕ್ಷೆ ಕೆಡುವುದು ಬೇರೆಡೆಯಿಂದ. ಮೀನು ಮಾರುವವರು ಬಂದಾಗ ಬೆಕ್ಕು ಗೇಟಿನ ಹತ್ತಿರ ಹೋಗಿ ಕೂರುತ್ತದೆ. ಅಜ್ಜಿ ಪ್ರೀತಿಯಿಂದ ಮೀನಿನ ತಲೆ ಹಾಕುತ್ತಾರೆ. ಪಕ್ಕದ ಮನೆಯ ಅಂಗಳದಲ್ಲಿ ನಾಯಿಯ ತಟ್ಟೆ ಇರುತ್ತದೆ. ರುಚಿ ಬೆರೆಸಿದ ಜಂತುಹುಳುವಿನ ಮಾತ್ರೆ, ಮೀನೆಣ್ಣೆ ಕ್ಯಾಪ್ಸೂಲ್ ಇವೂ ಲೆಕ್ಕಕ್ಕೆ ಬರುತ್ತವೆ. ಒಂದು ತುಂಡು ಮೀನು ಸಾಕು, ಅಷ್ಟು ವಾರಗಳ ಶ್ರಮ ಹಾಳಾಗಲು. ಆದ್ದರಿಂದ ಈ ಎರಡು ತಿಂಗಳು ಬೆಕ್ಕನ್ನು ಮನೆಯೊಳಗೇ ಇಟ್ಟುಕೊಳ್ಳಲು ಆಗುತ್ತದೆಯೇ ಎಂದು ಮನೆಯವರೆಲ್ಲ ಕೂತು ಮೊದಲು ಮಾತಾಡಿಕೊಳ್ಳಿ. ಆಗದಿದ್ದರೆ ಆಗುವ ಕಾಲಕ್ಕೆ ಕಾಯುವುದೇ ಮೇಲು.

ಎಂಟು ವಾರದಲ್ಲಿ ತುರಿಕೆ ನಿಂತಿತು ಎಂದಿಟ್ಟುಕೊಳ್ಳಿ. ಇಲ್ಲಿಗೆ ಮುಗಿಯಿತು ಎಂದು ಎಲ್ಲರಿಗೂ ಅನಿಸುತ್ತದೆ. ಇಲ್ಲ, ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಕಾರಣ ಅದೇ ಆಗಿದ್ದರೆ ಸಾಮಾನ್ಯವಾಗಿ ಒಂದೆರಡು ವಾರದೊಳಗೆ ತುರಿಕೆ ಮರಳುತ್ತದೆ. ಮರಳದಿದ್ದರೆ ಸುಧಾರಣೆಗೆ ಚಿಗಟದ ಔಷಧಿಯೋ ಹವೆಯ ಬದಲಾವಣೆಯೋ ಕಾರಣ, ಆಹಾರವಲ್ಲ. ಗುಣವಾದ ಬೆಕ್ಕಿಗೆ ಬೇಕೆಂದೇ ತುರಿಕೆ ತರಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಬೆಕ್ಕಿನ ಮೇಲಿನ ಮಮತೆಯಿಂದ ಅನೇಕರು ಈ ಹೆಜ್ಜೆ ಬಿಟ್ಟುಬಿಡುತ್ತಾರೆ. ಆದರೆ ಇದಿಲ್ಲದೆ ಉತ್ತರ ಸಿಗುವುದಿಲ್ಲ, ಅನಗತ್ಯವಾಗಿ ಜೀವನಪೂರ್ತಿ ದುಬಾರಿ ಆಹಾರಕ್ಕೆ ಕಟ್ಟುಬೀಳಬೇಕಾಗುತ್ತದೆ. ತುರಿಕೆ ಮರಳಿದ ಮೇಲೆ ಮತ್ತೆ ಪರೀಕ್ಷೆಯ ಆಹಾರಕ್ಕೆ ಬಂದು, ಮೈ ಸರಿಯಾದ ನಂತರ ಆ ಆಹಾರದ ಜತೆಗೆ ಎರಡು ವಾರ ಮೀನು ಮಾತ್ರ, ಇನ್ನೆರಡು ವಾರ ಕೋಳಿ ಮಾತ್ರ ಹೀಗೆ ಒಂದೊಂದನ್ನೇ ಸೇರಿಸಿದರೆ ಅಪರಾಧಿ ಯಾವುದೆಂದು ಹೆಸರು ಹಿಡಿದು ಹೇಳಬಹುದು. ಅಂದಹಾಗೆ ಅಲರ್ಜಿ ಇರಲಿ ಬಿಡಲಿ, ಬೂತಾಯಿಯಂಥ ಎಣ್ಣೆ ಮೀನನ್ನೇ ದಿನವೂ ಮುಖ್ಯ ಆಹಾರವಾಗಿ ಕೊಡುವುದು ಒಳ್ಳೆಯದಲ್ಲ. ವಿಟಮಿನ್ ಇ ಕೊರತೆಯಾಗಿ ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ಒಳಗಾಗುತ್ತದೆ, ಮುಟ್ಟಿದರೆ ನೋವಾಗುತ್ತದೆ.

ಚಿಗಟವೂ ಅಲ್ಲ, ಆಹಾರವೂ ಅಲ್ಲ ಎಂದಾದ ಮೇಲೆ ಉಳಿಯುವುದು ಪರಿಸರದ ಅಲರ್ಜಿ. ದೂಳಿನ ನುಸಿ, ಪರಾಗ, ಬೂಸ್ಟು ಇದರಲ್ಲಿ ಬರುತ್ತವೆ. ಉಳಿದೆಲ್ಲವನ್ನು ತಳ್ಳಿಹಾಕಿಯೇ ಇಲ್ಲಿಗೆ ಬರಬೇಕು. ಇಂಥ ಕೆಲವು ಬೆಕ್ಕುಗಳಿಗೆ ಕತ್ತು ಮುಂದೆ ಚಾಚಿ ಕೆಮ್ಮುವ ಆಸ್ತಮಾ ಕೂಡ ಇರುತ್ತದೆ, ಇದ್ದರೆ ವೈದ್ಯರಿಗೆ ವಿಡಿಯೊ ತೋರಿಸಿ. ರಕ್ತದ ಅಥವಾ ಚರ್ಮದ ಅಲರ್ಜಿ ಪರೀಕ್ಷೆಗೆ ಈ ಹಂತದಲ್ಲಿ ಮಾತ್ರ ಅರ್ಥವಿದೆ. ಕಾಯಿಲೆ ಇದೆಯೇ ಎಂದು ಹೇಳಲು ಅದು ಬೇಡ, ಅಲರ್ಜಿ ತಗ್ಗಿಸುವ ಲಸಿಕೆಯಂಥ ಚಿಕಿತ್ಸೆಯಲ್ಲಿ ಏನೇನು ಬೆರೆಸಬೇಕೆಂದು ನಿರ್ಧರಿಸಲು ಬೇಕು. ಆ ಚಿಕಿತ್ಸೆ ಎಲ್ಲ ಊರಲ್ಲೂ ಸಿಗುವುದಿಲ್ಲ, ಫಲ ಕಾಣಲು ತಿಂಗಳುಗಳು ಬೇಕು. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೊಸ್ಪೋರಿನ್ ಎಂಬ ಔಷಧಿ ಹಲವು ಬೆಕ್ಕುಗಳಿಗೆ ಚೆನ್ನಾಗಿ ಒಗ್ಗುತ್ತದೆ. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದನ್ನು ತೆಗೆದುಕೊಳ್ಳುವಾಗ ಹಸಿ ಮಾಂಸ ಕೊಡಬಾರದು, ಇಲಿ ಬೇಟೆಗೂ ಬಿಡಬಾರದು, ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕು ಉಲ್ಬಣಿಸುವ ಅಪಾಯವಿದೆ.

ಇನ್ನು ಆ ಇಂಜೆಕ್ಷನ್. ಒಂದೂವರೆ ತಿಂಗಳು ಕೆಲಸ ಮಾಡುತ್ತದೆ ಎಂದಮೇಲೆ ಅದು ಬಹುತೇಕ ದೀರ್ಘಕಾಲ ಉಳಿಯುವ ಸ್ಟಿರಾಯ್ಡ್. ನಿಮ್ಮ ವೈದ್ಯರು ತಪ್ಪು ಮಾಡಿದರು ಎಂದು ನಾನು ಹೇಳುತ್ತಿಲ್ಲ. ರಕ್ತ ಬರುವಂತೆ ಕೆರೆಯುವ ಪ್ರಾಣಿಗೆ ಮೊದಲು ನೆಮ್ಮದಿ ಬೇಕು, ಸ್ಟಿರಾಯ್ಡ್ ಅದನ್ನು ಕೊಡುತ್ತದೆ. ಆದರೆ ಚಿಗಟವಿರಲಿ ದೂಳಿರಲಿ ಯಾವ ಅಲರ್ಜಿಯನ್ನೂ ಅದು ಅಡಗಿಸುವುದರಿಂದ, ಅದರಿಂದ ಗುಣವಾಯಿತು ಎಂಬುದು ಕಾರಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮತ್ತೆ ಮತ್ತೆ ಕೊಟ್ಟರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರಬಹುದು, ಚರ್ಮ ತೆಳುವಾಗಬಹುದು, ಒಳಗೇ ಅಡಗಿರುವ ಹೃದಯದ ಕಾಯಿಲೆ ಹೊರಬೀಳಬಹುದು. ನೀರು ಹೆಚ್ಚು ಕುಡಿಯುತ್ತಿದೆಯೇ, ಮೂತ್ರ ಹೆಚ್ಚಾಗಿದೆಯೇ ಎಂದು ಗಮನಿಸಿ, ಒಮ್ಮೆ ರಕ್ತದ ಸಕ್ಕರೆ ನೋಡಿಸಿ. ಮುಂದೆ ತುರಿಕೆ ತಡೆಯಲಾಗದಷ್ಟಾದರೆ ಇಂಜೆಕ್ಷನ್ ಬದಲು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಆಗಬಹುದೇ ಎಂದು ಕೇಳಿ. ಮಾತ್ರೆಯ ಪ್ರಮಾಣವನ್ನು ದಿನದಿಂದ ದಿನಕ್ಕೆ ಇಳಿಸಬಹುದು, ಒಮ್ಮೆ ಮೈಸೇರಿದ ಇಂಜೆಕ್ಷನ್ ಹಿಂದೆಗೆಯಲು ಬರುವುದಿಲ್ಲ. ಆಹಾರ ಪರೀಕ್ಷೆಯ ಮೊದಲ ವಾರಗಳಲ್ಲಿ ಮಾತ್ರೆ ಕೊಟ್ಟು, ಕೊನೆಯ ವಾರಗಳಲ್ಲಿ ನಿಲ್ಲಿಸಿ ನೋಡಬಹುದು. ಇಂಜೆಕ್ಷನಿನ ಪ್ರಭಾವ ಇನ್ನೂ ಇರುವಾಗ ಶುರು ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಮನೆಮದ್ದಿನ ಬಗ್ಗೆ ಒಂದೆರಡು ಎಚ್ಚರಿಕೆ. ಬೇವಿನ ಎಣ್ಣೆ, ಕರ್ಪೂರ, ಟೀ ಟ್ರೀ ಎಣ್ಣೆ ಹಚ್ಚಬೇಡಿ. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ. ಡೆಟಾಲಿನಿಂದ ಗಾಯ ತೊಳೆಯುವುದು, ಫಿನೈಲ್ ಹಾಕಿ ಒರೆಸಿದ ಒದ್ದೆ ನೆಲದ ಮೇಲೆ ಓಡಾಡಲು ಬಿಡುವುದು ಎರಡೂ ಅಪಾಯ. ತುರಿಕೆಗೆಂದು ಮನುಷ್ಯರ ಶೀತದ ಮಾತ್ರೆ ಕೊಡುವವರಿದ್ದಾರೆ. ಅದರಲ್ಲಿ ಪ್ಯಾರಸಿಟಮಾಲ್ ಇದ್ದರೆ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಗಾಯವನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಹಿಂಗಾಲಿನ ಉಗುರಿನ ತುದಿ ಕತ್ತರಿಸಿ. ಸದ್ಯಕ್ಕೆ ಅಷ್ಟು ಸಾಕು.

ಕೊನೆಯದಾಗಿ ಒಂದು ನೋಟುಪುಸ್ತಕ ಇಡಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಹೊಟ್ಟೆ ಮತ್ತು ಕುತ್ತಿಗೆಯ ಫೋಟೊ ತೆಗೆಯಿರಿ. ತುರಿಕೆಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಟ್ಟು ಬರೆಯಿರಿ, ಪ್ರತಿ ಸಲ ಮನೆಯ ಒಬ್ಬರೇ ಕೊಡಲಿ. ಔಷಧಿ ಹಾಕಿದ ದಿನ, ಆಹಾರ ಬದಲಾದ ದಿನ, ಕದ್ದು ತಿಂದ ಮೀನಿನ ತುಂಡು ಎಲ್ಲವೂ ಅದರಲ್ಲಿ ಇರಲಿ. ಎರಡು ವರ್ಷದ ಹಳೆಯ ಚೀಟಿಗಳನ್ನು ತೆಗೆದು ತುರಿಕೆ ಹೆಚ್ಚಿದ ತಿಂಗಳುಗಳನ್ನೂ ಗುರುತು ಮಾಡಿ. ಸ್ಥಳೀಯವಾಗಿ ಚರ್ಮದ ಮಾದರಿ ಪರೀಕ್ಷೆ, ಕಲ್ಚರ್ ಆಗದಿದ್ದರೆ ನಿಮ್ಮ ವೈದ್ಯರಿಂದ ಪತ್ರ ಪಡೆದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಿಬರಬಹುದು. ಈಗ ಮೊದಲು ಮಾಡಬೇಕಾದದ್ದು ಕೊನೆಯ ಇಂಜೆಕ್ಷನ್ ಯಾವ ತಾರೀಕಿಗೆ ಆಯಿತು, ಅದರಲ್ಲಿದ್ದ ಔಷಧಿಯ ಹೆಸರೇನು ಎಂದು ನಿಮ್ಮ ವೈದ್ಯರಿಂದ ಬರೆಸಿಕೊಳ್ಳುವುದು. ಚಿಗಟದ ಔಷಧಿಯನ್ನು ವೈದ್ಯರನ್ನು ಕೇಳಿ ಈ ವಾರವೇ ಶುರು ಮಾಡಿ. ಆಹಾರ ಪರೀಕ್ಷೆಯನ್ನು ಮಾತ್ರ ಆ ತಾರೀಕಿನಿಂದ ಕನಿಷ್ಠ ಆರರಿಂದ ಎಂಟು ವಾರ ಕಳೆದ ಮೇಲೆ ಇಟ್ಟುಕೊಳ್ಳಿ.